ತಕ್ಕಾವಿಯಿಂದ ಬ್ಯಾಂಕಿನ ಜಮೆಯವರೆಗೆ: ದತ್ತ ಮಂಡಲದ ರೈತನೂ ಸರಕಾರದ ಹಣವೂ

ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಕಾರ್ಯಕರ್ತರು ಕೇಳಿದಾಗ ಮೊದಲು ನಮ್ಮ ಮನಸ್ಸಿಗೆ ಬಂದವು ಆದವಾನಿಯ ಕೋಟೆ, ರಾಯದುರ್ಗದ ಬೆಟ್ಟ, ನೊಳಂಬರ ರಾಜಧಾನಿಯಾಗಿ ಮೆರೆದ ಮಡಕಶಿರ ಸೀಮೆಯ ಹೇಮಾವತಿ. ಇವುಗಳನ್ನು ಕುರಿತು ಹಿಂದೆಯೂ ಬರೆದವರುಂಟು, ಮುಂದೆಯೂ ಬರೆಯುವವರುಂಟು. ಆದರೆ ಕೋಟೆಯನ್ನು ಕಟ್ಟಿದವನಿಗೂ ಅದನ್ನು ಗೆದ್ದವನಿಗೂ ಸಮನಾಗಿ ಕಂದಾಯವನ್ನು ತೆತ್ತ ರೈತನ ವಿಷಯವಾಗಿ ಬರೆದವರು ವಿರಳ. ಅದರಲ್ಲಿಯೂ ರೈತನಿಂದ ಸರಕಾರಕ್ಕೆ ಹೋದ ಹಣದ ಲೆಕ್ಕವು ದಫ್ತರಗಳಲ್ಲಿ ಬೇಕಾದಷ್ಟು ದೊರೆಯುತ್ತದೆ. ಸರಕಾರದಿಂದ ರೈತನಿಗೆ ಬಂದ ಹಣದ ವೃತ್ತಾಂತವನ್ನು ಒಂದೆಡೆ ಕೂಡಿಸಿ ಹೇಳುವವರು ಕಡಮೆ. ಆದುದರಿಂದ ಆ ವೃತ್ತಾಂತವನ್ನೇ ಸಂಕ್ಷೇಪವಾಗಿ ವಾಚಕರ ಮುಂದಿಡಲು ಯತ್ನಿಸುತ್ತೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಸಣ್ಣ ಪ್ರಸಂಗವೂ ಕಾರಣವಾಯಿತು. ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ಅಜ್ಜನವರು ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಬಂದು, ಟವಲಿನಲ್ಲಿ ಸುತ್ತಿಕೊಂಡಿದ್ದ ಕಾಗದಗಳನ್ನು ನಮ್ಮ ಮುಂದೆ ಬಿಚ್ಚಿದರು. “ಮೇಷ್ಟ್ರೇ, ಎಲ್ಲರಿಗೂ ರೊಕ್ಕ ಬಂತು, ನನಗೆ ಬರಲಿಲ್ಲ. ಇದರಾಗೆ ಏನು ಬರೆದೈತೆ, ಸ್ವಲ್ಪ ಓದಿ ಹೇಳ್ರಿ” ಎಂದರು. ಕಾಗದವು ತೆಲುಗಿನಲ್ಲಿತ್ತು, ಅವರು ಕಲಿತದ್ದು ನಾಲ್ಕನೆಯ ತರಗತಿಯವರೆಗಿನ ಕನ್ನಡ. ಭೂಮಿಯ ಪಾಸ್‌ಪುಸ್ತಕದಲ್ಲಿ ಅವರ ಹೆಸರಿನ ಹಿಂದೆ ಮನೆತನದ ಹೆಸರು ಇದ್ದಿತು. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ. ಒಬ್ಬನೇ ಮನುಷ್ಯನು ಲೆಕ್ಕದಲ್ಲಿ ಇಬ್ಬರಾಗಿದ್ದನು. ಅವರ ಜೊತೆಯಲ್ಲಿ ಬಂದಿದ್ದ ನೆರೆಮನೆಯ ಮಧ್ಯವಯಸ್ಕನು ಮಾತ್ರ ಏನನ್ನೂ ಕೇಳಲಿಲ್ಲ. ಆತನು ಬಹುಕಾಲದಿಂದ ಮತ್ತೊಬ್ಬರ ಆರು ಎಕರೆ ಹೊಲವನ್ನು ಕೋರಿಗೆ ಮಾಡುವವನು. ತೋರಿಸುವುದಕ್ಕೆ ಆತನ ಬಳಿ ಕಾಗದವೇ ಇರಲಿಲ್ಲ.

ಈ ಇಬ್ಬರ ಸ್ಥಿತಿಗೂ ಇನ್ನೂರು ವರ್ಷಗಳಿಗೆ ಮೀರಿದ ಚರಿತ್ರೆಯಿದೆ ಎಂಬುದು ಅವರನ್ನು ಕಳುಹಿಸಿಕೊಟ್ಟ ಮೇಲೆ ನಮಗೆ ಹೊಳೆಯಿತು.

ಕೆರೆಗೊಡಗೆಯ ಕಾಲ

ನಮ್ಮ ಪ್ರಾಚೀನ ಶಾಸನಗಳಲ್ಲಿ ಬೇಸಾಯಕ್ಕೆ ದೊರೆತ ರಾಜಾಶ್ರಯವು ಬಹುಮಟ್ಟಿಗೆ ನಗದಿನ ರೂಪದ್ದಲ್ಲ. ಕೆರೆಯನ್ನು ಕಟ್ಟಿಸಿದವನಿಗೆ ಭೂಮಿಯನ್ನು ಬಿಟ್ಟುಕೊಡುವುದು, ಕೆರೆಯ ರಕ್ಷಣೆಗೆಂದು ಗದ್ದೆಯನ್ನು ಮೀಸಲಿಡುವುದು, ಹೊಸದಾಗಿ ಸಾಗುವಳಿಗೆ ತಂದ ನೆಲಕ್ಕೆ ತೆರಿಗೆಯನ್ನು ಬಿಡುವುದು, ಇವೇ ಅಂದಿನ ಕ್ರಮಗಳು. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಶಾಸನಗಳನ್ನು ಓದಿದವರಿಗೆ ಪರಿಚಿತವಾದುವೇ. ದಶವಂದ ಎಂಬುದು ದಶಬಂಧ ಇನಾಮೆಂಬ ಹೆಸರಿನಿಂದ ಇಂಗ್ಲಿಷರ ಕಾಲದ ಲೆಕ್ಕಗಳವರೆಗೂ ನಮ್ಮ ಸೀಮೆಯಲ್ಲಿ ಉಳಿದುಬಂದಿತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ 1369ನೆಯ ಇಸವಿಯ ಶಾಸನವು, ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುವುದಲ್ಲದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಎಣಿಸುತ್ತದೆ. ಇಂಥ ನೆರವಿನಲ್ಲಿ ಒಂದು ಗುಣವಿದ್ದಿತು. ನೀರು ಹರಿದ ಮೇಲೆ ಅದು ಹೊಲದೊಡೆಯನು ಉತ್ತರೂ ಹರಿಯಿತು, ಕೋರಿನವನು ಉತ್ತರೂ ಹರಿಯಿತು. ಕೆರೆಯ ನೀರಿಗೆ ಹೆಸರನ್ನು ಕೇಳುವ ಅಭ್ಯಾಸವಿರಲಿಲ್ಲ.

ಮನ್ರೋನ ಪಟ್ಟಾ

1800ನೆಯ ಇಸವಿ ಅಕ್ಟೋಬರ್ 12ರ ಒಪ್ಪಂದದಿಂದ ಹೈದರಾಬಾದಿನ ನಿಜಾಮನು, ಕಂಪೆನಿಯ ಸೈನ್ಯವನ್ನು ಇಟ್ಟುಕೊಂಡ ವೆಚ್ಚಕ್ಕೆ ಬದಲಾಗಿ, ಟಿಪ್ಪುವಿನೊಡನೆ ನಡೆದ ಯುದ್ಧಗಳಲ್ಲಿ ತನಗೆ ದೊರೆತಿದ್ದ ಪ್ರದೇಶಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಹೀಗೆ ದತ್ತವಾದ ಮಂಡಲವೇ ದತ್ತ ಮಂಡಲ. ಇದನ್ನು ರಾಯಲಸೀಮೆಯೆಂದು ಕರೆಯುವ ವಾಡಿಕೆಯು 1928ರಿಂದ ಈಚಿನದು. ಅಂದು ಇಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದನು. ಪಾಳೆಯಗಾರರ ಕಲಹಗಳಿಂದಲೂ ದಂಡುಗಳ ಓಡಾಟದಿಂದಲೂ ಹಾಳುಬಿದ್ದಿದ್ದ ಹೊಲಗಳನ್ನು ಮತ್ತೆ ಸಾಗುವಳಿಗೆ ತರಬೇಕಾಗಿದ್ದಿತು. ಅದಕ್ಕಾಗಿ ಬಡರೈತನಿಗೆ ಎತ್ತು, ಬೀಜ ಮೊದಲಾದುವನ್ನು ಕೊಳ್ಳಲು ಮುಂಗಡವಾಗಿ ಕೊಡುತ್ತಿದ್ದ ಹಣವೇ ತಕ್ಕಾವಿ. ತಗಾವಿಯೆಂದೂ ಹೇಳುವುದುಂಟು. ಇದು ಅರಬ್ಬಿಯಿಂದ ಬಂದ ಶಬ್ದ. ಬಲವನ್ನು ಕೊಡುವುದೆಂದು ಅರ್ಥ. ಇಂಗ್ಲಿಷರು ಇದನ್ನು ಹೊಸದಾಗಿ ತಂದವರಲ್ಲ, ಹಿಂದಿನ ಅರಸರಿಂದ ಪಡೆದರು. ಹೆಸರಿಗೆ ಬಲವಾದರೂ ಇದು ದಾನವಲ್ಲ, ಸಾಲ. ಕೊಟ್ಟ ಹಣವು ಬೆಳೆಯ ಕಾಲಕ್ಕೆ ಹಿಂದಕ್ಕೆ ಬರಬೇಕಾಗಿದ್ದಿತು, ಅದರೊಡನೆ ಹೆಚ್ಚಿದ ಕಂದಾಯವೂ ಬರಬೇಕಾಗಿದ್ದಿತು.

ಮನ್ರೋನ ಕಾಲದ ಮುಖ್ಯ ಕಾರ್ಯವು ತಕ್ಕಾವಿಗಿಂತಲೂ ಅಳತೆ. 33 ಅಡಿಯ ಸರಪಣಿಯಿಂದ ಹೊಲಗಳನ್ನು ಅಳೆಯಿಸಿ, 40 ಗುಂಟೆಗೆ ಒಂದು ಎಕರೆಯೆಂದು ಲೆಕ್ಕವಿಟ್ಟು, ಪ್ರತಿಯೊಂದು ಹೊಲಕ್ಕೂ ತೀರುವೆಯನ್ನು ಗೊತ್ತುಮಾಡಿ, ರೈತನ ಹೆಸರಿಗೆ ಪಟ್ಟಾ ಕೊಡುವ ರೈತವಾರಿ ಪದ್ಧತಿಯನ್ನು ಆತನು ಇಲ್ಲಿ ನೆಲೆಗೊಳಿಸಿದನು. ಇಂದಿಗೂ ನಾವು ಗುಂಟೆಯ ಲೆಕ್ಕವನ್ನೇ ಹೇಳುತ್ತೇವಲ್ಲವೆ? ಆದರೆ ಗೊತ್ತುಮಾಡಿದ ತೀರುವೆಯು ಭಾರವೆಂಬುದು ಆತನಿಗೇ ತಿಳಿದಿದ್ದಿತು. 1807ರಲ್ಲಿ ಇಲ್ಲಿಂದ ಹೊರಡುವ ಮುನ್ನ ಆತನು ಮೇಲಿನವರಿಗೆ ಬರೆದ ಸಲಹೆಯಲ್ಲಿ ಎಲ್ಲ ಭೂಮಿಗೂ ನೂರಕ್ಕೆ 25ರಂತೆ ತೀರುವೆಯನ್ನು ಇಳಿಸಬೇಕೆಂದೂ, ರೈತನು ತನ್ನ ಖರ್ಚಿನಲ್ಲಿ ಬಾವಿಯನ್ನು ದುರಸ್ತಾಗಿಟ್ಟುಕೊಂಡು ನೀರೆತ್ತುವ ಭೂಮಿಗೆ ಮತ್ತೆ 8 ಸೇರಿಸಿ ಒಟ್ಟು 33ರಷ್ಟು ಇಳಿಸಬೇಕೆಂದೂ ಹೇಳಿದನು. ಸ್ವಂತ ದುಡಿಮೆಯಿಂದ ನೀರು ತಂದವನಿಗೆ ಸರಕಾರವು ತನ್ನ ಪಾಲನ್ನು ಬಿಟ್ಟುಕೊಡಬೇಕೆಂಬ ಈ ವಿಚಾರವು ಇಂದಿನ ಮಾತಿನಲ್ಲಿ ಹೇಳುವುದಾದರೆ ಸಬ್ಸಿಡಿಯೇ ಸರಿ. ಆಗ ಅದು ಅಂಗೀಕೃತವಾಗಲಿಲ್ಲ. ಊರೂರನ್ನೇ ಗುತ್ತಿಗೆಗೆ ಕೊಡುವ ಪದ್ಧತಿ ಬಂದು ಹಲವು ವರ್ಷ ನಡೆಯಿತು. ಮನ್ರೋ 1820ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಮೇಲೆಯೇ ರೈತವಾರಿಗೂ ತೀರುವೆಯ ಇಳಿತಕ್ಕೂ ಮತ್ತೆ ದಾರಿಯಾಯಿತು. 1827ರಲ್ಲಿ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ತಗಲಿ ಆತನು ತೀರಿಕೊಂಡನು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಪಟ್ಟಾ ಬಂದಂದಿನಿಂದ ಸರಕಾರವು ಹೊಲವನ್ನು ಹೆಸರಿನಿಂದ ಗುರುತಿಸತೊಡಗಿತು. ಕಂದಾಯವನ್ನು ಕೇಳುವುದೂ ಆ ಹೆಸರನ್ನೇ, ತಕ್ಕಾವಿಯನ್ನು ಕೊಡುವುದೂ ಆ ಹೆಸರಿಗೇ. ರೈತನಿಗೂ ಸರಕಾರಕ್ಕೂ ಮಧ್ಯೆ ಇದ್ದ ಪಾಳೆಯಗಾರನು ಇದರಿಂದ ದೂರವಾದನೆಂಬುದು ದೊಡ್ಡ ಲಾಭ. ಪಟ್ಟಾದಾರನ ಹೊಲವನ್ನು ಕೋರಿಗೆ ಮಾಡುವವನು ಮಾತ್ರ ಬರಹದ ಹೊರಗೆಯೇ ಉಳಿದನು.

ಧಾತು ಈಶ್ವರದ ಬರ

ನಮ್ಮ ಅಜ್ಜಿಯಂದಿರು ಧಾತು ಈಶ್ವರದ ಬರವೆಂದು ಹೇಳುತ್ತಿದ್ದುದು 1876ರಿಂದ 1878ರವರೆಗಿನ ಮಹಾ ಕ್ಷಾಮ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತೆಂದರೆ ಆ ಬರದ ಸ್ವರೂಪವನ್ನು ಬೇರೆ ವರ್ಣಿಸಬೇಕಾಗಿಲ್ಲ. ವೈಸರಾಯ್ ಲಿಟನ್ ಪ್ರಭುವು ಕಳುಹಿಸಿದ ಸರ್ ರಿಚರ್ಡ್ ಟೆಂಪಲನು 1877ರ ಆರಂಭದಲ್ಲಿ ಖರ್ಚನ್ನು ಮಿಗಿಸಲೆಂದು, ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಅರ್ಧ ಕಿಲೋವಿಗೂ ಕಡಮೆ. ಕಲ್ಲು ಒಡೆಯುವವನಿಗೆ ಅಷ್ಟರಿಂದ ಜೀವ ನಿಲ್ಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಪ್ರತಿಭಟಿಸಿದನು. ಸಾವುಗಳು ಹೆಚ್ಚಿದ ಮೇಲೆ ಕೂಲಿಯನ್ನು ಏರಿಸಲಾಯಿತು.

ಈ ಅನರ್ಥದಿಂದ ಸರಕಾರವು ಒಂದು ಪಾಠವನ್ನು ಕಲಿಯಿತು. ಸರ್ ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನು ಕೊಟ್ಟಿತು. ಅದರ ಬೆನ್ನಿಗೆ 1883ರ ಭೂಸುಧಾರಣೆಯ ಸಾಲದ ಕಾಯಿದೆಯೂ 1884ರ ವ್ಯವಸಾಯಗಾರರ ಸಾಲದ ಕಾಯಿದೆಯೂ ಬಂದುವು. ಮೊದಲನೆಯದು ಬಾವಿ, ಕೆರೆ, ಒಡ್ಡು ಮುಂತಾದ ಬಹುಕಾಲ ನಿಲ್ಲುವ ಕೆಲಸಗಳಿಗೆ; ಎರಡನೆಯದು ಕಷ್ಟಕಾಲದಲ್ಲಿ ಬೀಜವನ್ನೂ ಎತ್ತುಗಳನ್ನೂ ಕೊಳ್ಳುವುದಕ್ಕೆ. ಎರಡರಲ್ಲಿಯೂ ಬಾಕಿಯನ್ನು ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡುವ ಅಧಿಕಾರವಿದ್ದಿತು. ಅಂದರೆ ತಕ್ಕಾವಿಯನ್ನು ತೀರಿಸದವನ ಹೊಲವು ಹರಾಜಿಗೆ ಬರಬಹುದಾಗಿದ್ದಿತು. ಅರ್ಜಿ, ವಿಚಾರಣೆ, ಜಾಮೀನು, ಮಂಜೂರು, ಇಷ್ಟೂ ಮುಗಿಯುವ ಹೊತ್ತಿಗೆ ಬಿತ್ತನೆಯ ಹದ ಕಳೆದುಹೋದರೆ ಆ ಹಣವು ಬೀಜಕ್ಕೆ ಒದಗುವುದೆಂತು? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಂಥ ಎಡೆಗೇ ಒಪ್ಪುತ್ತದೆ. ಸಾಹುಕಾರನಾದರೋ ಬಡ್ಡಿಯನ್ನು ಸುಲಿಯುತ್ತಿದ್ದರೂ ಕೇಳಿದ ದಿನವೇ ಕೊಡುತ್ತಿದ್ದನು.

ಇದು ಬರಿಯ ಊಹೆಯಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆಯೂ ಬಂದು ಅರ್ಧ ಶತಮಾನ ಕಳೆಯುತ್ತ ಬಂದಾಗ, ರಿಸರ್ವ್ ಬ್ಯಾಂಕು 1951–52ರಲ್ಲಿ ದೇಶಾದ್ಯಂತ ಗ್ರಾಮಗಳ ಸಾಲದ ಸಮೀಕ್ಷೆಯನ್ನು ಮಾಡಿಸಿತು. ಬೇಸಾಯಗಾರನು ತಂದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸರಕಾರದ್ದು 3.3 ರೂಪಾಯಿ, ಸಹಕಾರ ಸಂಘಗಳದ್ದು 3.1 ರೂಪಾಯಿ, ಬಡ್ಡಿ ವ್ಯಾಪಾರದವರದು ಸುಮಾರು 70 ರೂಪಾಯಿ ಎಂದು ತಿಳಿದುಬಂದಿತು. ಬಲವನ್ನು ಕೊಡಬೇಕಾಗಿದ್ದ ತಕ್ಕಾವಿಯು ಏಳು ದಶಕಗಳ ಕಾಯಿದೆಯ ಅನಂತರ ಮುಟ್ಟಿದ ಮಟ್ಟವಿದು.

ಗಡಿ ಬದಲಾದ ಮೇಲೆ

1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯು ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದುವು. ಮಡಕಶಿರವು ಮೊದಲೇ ಅನಂತಪುರ ಜಿಲ್ಲೆಯಲ್ಲಿದ್ದು ಅಲ್ಲಿಯೇ ಉಳಿಯಿತು. ಒಂದೇ ಮನೆತನದ ಹೊಲಗಳು, ಬೀಗತನಗಳು, ಜಾತ್ರೆಗಳು ಹಗರಿಯ ಉಭಯ ಪಾರ್ಶ್ವಗಳಲ್ಲಿಯೂ ಇದ್ದಂತೆಯೇ ಇದ್ದುವು. ಲೆಕ್ಕದ ಪುಸ್ತಕ ಮಾತ್ರ ಎರಡಾಯಿತು. 1966ರ ಅಧಿಕೃತ ಭಾಷೆಯ ಕಾಯಿದೆಯಿಂದ ಆಂಧ್ರಪ್ರದೇಶದ ಆಡಳಿತದ ಭಾಷೆಯು ತೆಲುಗೆಂದು ನಿರ್ಧಾರವಾಯಿತು. ಆ ರಾಜ್ಯಕ್ಕೆ ಅದು ಸಹಜವಾದುದೇ. ತೆಲುಗು ನಮಗೆ ನೆರೆಯ ನುಡಿ, ದ್ವೇಷಿಸತಕ್ಕುದಲ್ಲ. ಆದರೂ ಆಚೆಯ ಅಣ್ಣನು ಪಹಣಿ ಎಂಬುದನ್ನು ಈಚೆಯ ತಮ್ಮನು ಅಡಂಗಲ್ ಎನ್ನಬೇಕಾಯಿತು. 1971ರ ಕಾಯಿದೆಯಿಂದ ಪಟ್ಟಾದಾರನ ಪಾಸ್‌ಪುಸ್ತಕ ಬಂದಿತು. 1984ರಲ್ಲಿ ವಂಶಪಾರಂಪರ್ಯವಾಗಿ ಬಂದಿದ್ದ ಕರಣಂ ಮುನಸೀಬರ ಹುದ್ದೆಗಳು ಆಂಧ್ರಪ್ರದೇಶದಲ್ಲಿ ರದ್ದಾದುವು. ಕರಣಿಕನ ದರ್ಪವು ತೊಲಗಿದ್ದು ಒಳ್ಳೆಯದೇ. ಆದರೆ ಯಾವ ಹೊಲವನ್ನು ಯಾರು ಉಳುತ್ತಾರೆಂಬುದನ್ನು ಬಾಯಲ್ಲಿಯೇ ಹೇಳಬಲ್ಲವನೂ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಕೊಡುತ್ತಿದ್ದವನೂ ಅವನೊಡನೆಯೇ ಹೋದನು.

ಇಷ್ಟರಲ್ಲಿ ಸರಕಾರದ ನೆರವೂ ರೂಪವನ್ನು ಬದಲಾಯಿಸಿತು. 1965ರಲ್ಲಿ ಕೃಷಿ ಬೆಲೆಗಳ ಆಯೋಗವೂ ಆಹಾರ ನಿಗಮವೂ ಸ್ಥಾಪಿತವಾಗಿ ಬೆಂಬಲ ಬೆಲೆಯ ಪದ್ಧತಿ ಬಂದಿತು. 1977ರಿಂದ ಗೊಬ್ಬರದ ಕಾರ್ಖಾನೆಗಳಿಗೆ ಉತ್ಪಾದನೆಯ ವೆಚ್ಚವನ್ನು ತುಂಬಿಕೊಟ್ಟು, ರೈತನಿಗೆ ಅಗ್ಗದ ಬೆಲೆಯಲ್ಲಿ ಗೊಬ್ಬರ ದೊರೆಯುವಂತೆ ಮಾಡಲಾಯಿತು. 2004ರಲ್ಲಿ ಆಂಧ್ರಪ್ರದೇಶ ಸರಕಾರವು ಬೇಸಾಯದ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತನ್ನು ಕೊಟ್ಟಿತು. ಇವು ಹೆಸರನ್ನು ಕೇಳದ ನೆರವುಗಳೇನೋ ಹೌದು. ಆದರೆ ಬೆಂಬಲ ಬೆಲೆಯ ಫಲವು ಬತ್ತ ಗೋದಿಗಳ ನಾಡಿಗೆ ಸಂದಷ್ಟು, ಮಳೆಯನ್ನೇ ನಂಬಿದ ನಮ್ಮ ಶೇಂಗಾ ಹೊಲಗಳಿಗೆ ಸಲ್ಲಲಿಲ್ಲ. ಉಚಿತ ವಿದ್ಯುತ್ತು ಕೊಳವೆಬಾವಿಯಲ್ಲಿ ನೀರಿದ್ದವನಿಗೆ ಮಾತ್ರ ಉಪಕಾರವಾಯಿತು. ಸಾಲದ ಮನ್ನಾಗಳೂ ಬಂದುವು. 1990ರಲ್ಲಿ 10,000 ರೂಪಾಯಿಗಳವರೆಗೆ, 2008ರಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರ ಬಾಕಿಯಾದ ಬೆಳೆಸಾಲ ಪೂರ್ತಿಯಾಗಿ, 2014ರ ಆಂಧ್ರಪ್ರದೇಶದ ಯೋಜನೆಯಲ್ಲಿ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿಗಳವರೆಗೆ ಪರಿಹಾರ ಘೋಷಿತವಾಯಿತು. ಮನ್ನಾ ಆದುದು ಬ್ಯಾಂಕಿನ ಸಾಲ ಮತ್ತು ಸಹಕಾರ ಸಂಘದ ಸಾಲ. ಪಟ್ಟಾ ಇಲ್ಲದ ಕಾರಣ ಬ್ಯಾಂಕಿನ ಮೆಟ್ಟಿಲನ್ನೇ ಹತ್ತದೆ ಸಾಹುಕಾರನಲ್ಲಿ ಸಾಲ ತಂದವನಿಗೆ ಮನ್ನಾ ಮಾಡುವವರಾರು?

ನೇರ ಜಮೆ

2018ರಿಂದ ಈಚೆಗೆ ಹೊಸದೊಂದು ಪದ್ಧತಿ ಪ್ರಾರಂಭವಾಯಿತು. ಸಾಲವೂ ಅಲ್ಲ, ಬೆಲೆಯೂ ಅಲ್ಲ. ಬೇಸಾಯಗಾರನಿಗೆ ನೇರವಾಗಿ ಹಣ. 2018ರ ಮೇ ತಿಂಗಳಲ್ಲಿ ತೆಲಂಗಾಣವು ರೈತುಬಂಧು ಎಂಬ ಯೋಜನೆಯಿಂದ ಎಕರೆಗೆ, ಪ್ರತಿ ಬೆಳೆಗಾಲಕ್ಕೂ 4,000 ರೂಪಾಯಿಗಳನ್ನು ಕೊಡತೊಡಗಿತು. ಎಕರೆಯ ಲೆಕ್ಕವಾದುದರಿಂದ, ಎರಡು ಎಕರೆಯವನಿಗೆ ವರ್ಷಕ್ಕೆ 16,000 ಬಂದರೆ ಹತ್ತು ಎಕರೆಯವನಿಗೆ 80,000 ಬಂದಿತು. ಕೇಂದ್ರ ಸರಕಾರವು 2019ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿ.ಎಂ.-ಕಿಸಾನ್ ಯೋಜನೆಯು ಭೂಮಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು 2,000ದಂತೆ ಮೂರು ಕಂತುಗಳಲ್ಲಿ ಗೊತ್ತುಮಾಡಿತು. ಮೊದಲು ಎರಡು ಹೆಕ್ಟೇರುಗಳ ಮಿತಿಯಿದ್ದಿತು; ಅದೇ ವರ್ಷ ಆ ಮಿತಿಯನ್ನು ತೆಗೆಯಲಾಯಿತು. ಅದೇ 2019ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶವು ರೈತು ಭರೋಸಾ ಎಂಬ ಹೆಸರಿನಲ್ಲಿ ಕೇಂದ್ರದ 6,000ವನ್ನೂ ಸೇರಿಸಿ 13,500 ರೂಪಾಯಿಗಳನ್ನು ಕೊಡಲಾರಂಭಿಸಿತು. ಸರಕಾರವು ಬದಲಾದ ಬಳಿಕ 2025ರ ಆಗಸ್ಟ್‌ನಲ್ಲಿ ಅನ್ನದಾತ ಸುಖೀಭವ ಎಂಬ ಯೋಜನೆಯಿಂದ ಈ ಮೊತ್ತವನ್ನು ಕೇಂದ್ರದ ಪಾಲೂ ಸೇರಿ 20,000ಕ್ಕೆ ಏರಿಸಿ ಮೊದಲ ಕಂತನ್ನು ಬಿಡುಗಡೆ ಮಾಡಲಾಯಿತು. ಕರ್ನಾಟಕವು 2019ರಿಂದ ಕೆಲವು ವರ್ಷ ಕೇಂದ್ರದ ಹಣಕ್ಕೆ ತನ್ನ 4,000ವನ್ನು ಸೇರಿಸಿ ಕೊಟ್ಟಿತು. ಹೀಗೆ, ಅದೇ ಮೋಡವನ್ನು ನೋಡಿ ಅದೇ ಶೇಂಗಾವನ್ನು ಬಿತ್ತುವ ಅಣ್ಣತಮ್ಮಂದಿರಿಗೆ ಗಡಿಯ ಕಲ್ಲು ಬೇರೆ ಬೇರೆ ಮೊತ್ತವನ್ನು ಹಂಚಿತು.

ಈ ಪದ್ಧತಿಯ ಗುಣವನ್ನು ಒಪ್ಪಲೇಬೇಕು. ಹಿಂದಕ್ಕೆ ಕೊಡಬೇಕಾದುದಿಲ್ಲ, ಜಾಮೀನಿಲ್ಲ, ಹರಾಜಿನ ಭಯವಿಲ್ಲ, ನಡುವೆ ಕೈಚಾಚುವವರೂ ಕಡಮೆ. ಬಿತ್ತನೆಯ ಕಾಲಕ್ಕೆ ಎರಡು ಸಾವಿರ ಬಂದರೂ ಬೀಜದ ಕಾಯಿಗೆ ಅಷ್ಟು ಆಧಾರ. 1884ರ ಕಾಯಿದೆಯು ಮಾಡಲಾರದುದನ್ನು ಇದು ಮಾಡಿತೆಂದರೆ ಅತಿಶಯೋಕ್ತಿಯಲ್ಲ.

ಆದರೆ ಮನ್ರೋನ ಕಾಲದ ಒಂದು ಲಕ್ಷಣವು ಇದರಲ್ಲಿಯೂ ಮಾಸದೆ ಉಳಿದಿದೆ. ಹಣವು ಹೊಲಕ್ಕೆ ಬರುವುದಿಲ್ಲ, ಬರೆದ ಹೆಸರಿಗೆ ಬರುತ್ತದೆ. ರೈತುಬಂಧುವಿನಲ್ಲಿ ಕೋರಿನವನಿಗೆ ಎಡೆಯಿರಲಿಲ್ಲ. ಪಿ.ಎಂ.-ಕಿಸಾನ್ ಯೋಜನೆಯು 2019ರ ಫೆಬ್ರುವರಿ 1ರಂದು ದಾಖಲೆಯಲ್ಲಿದ್ದ ಭೂಮಿಯನ್ನೇ ಆಧಾರವಾಗಿಟ್ಟುಕೊಂಡಿತು. ಆಂಧ್ರಪ್ರದೇಶದಲ್ಲಿ ಮಾತ್ರ ಉಳುವವನನ್ನು ಗುರುತಿಸುವ ಯತ್ನಗಳು ನಡೆದಿವೆ. 2011ರ ಕಾಯಿದೆಯು ಕೌಲುದಾರನಿಗೆ ಸಾಲದ ಅರ್ಹತೆಯ ಕಾರ್ಡನ್ನು ಕೊಡಿಸಿತು. 2019ರ ಕಾಯಿದೆಯು ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಬೆಳೆಗಾರನ ಹಕ್ಕಿನ ಕಾರ್ಡನ್ನು ಏರ್ಪಡಿಸಿತು. ರೈತು ಭರೋಸಾದಲ್ಲಿ ಕೆಲವು ವರ್ಗಗಳ ಕೌಲು ರೈತರಿಗೆ ಪಾಲೂ ದೊರೆಯಿತು. ಆದರೆ 2019ರ ಒಪ್ಪಂದಕ್ಕೆ ಭೂಮಿಯ ಒಡೆಯನ ಸಹಿ ಬೇಕಾಯಿತು. ಸಹಿ ಮಾಡಿದರೆ ಹೊಲವೇ ಕೈಬಿಟ್ಟೀತೆಂದು ಒಡೆಯನಿಗೆ ಭಯ. ಸಹಿ ಕೇಳಿದರೆ ಮುಂದಿನ ವರ್ಷ ಹೊಲವು ಸಿಕ್ಕದೆಂದು ಕೋರಿನವನಿಗೆ ಭಯ. ಎರಡು ಭಯಗಳ ನಡುವೆ ಕಾಗದವು ಖಾಲಿಯಾಗಿ ಉಳಿಯುತ್ತದೆ.

ನಮ್ಮ ಕರ್ತವ್ಯ

ಲೇಖನದ ಆರಂಭದಲ್ಲಿ ಹೇಳಿದ ಅಜ್ಜನವರ ಹೆಸರು, ನಾಲ್ಕು ಸಲ ಕಚೇರಿಗೆ ಅಲೆದ ಮೇಲೆ, ಎರಡು ಪುಸ್ತಕಗಳಲ್ಲಿಯೂ ಒಂದೇ ಆಯಿತು. ಅರ್ಜಿಯನ್ನು ತೆಲುಗಿನಲ್ಲಿ ಬರೆದುಕೊಟ್ಟವನು ನಮ್ಮ ಕನ್ನಡ ಶಾಲೆಯ ಒಂಬತ್ತನೆಯ ತರಗತಿಯ ಹುಡುಗ, ಅವರ ಮೊಮ್ಮಗನೇ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮನೆಯ ಕೆಲಸಕ್ಕೆ ಬಾರರೆಂದು ಆಡಿಕೊಳ್ಳುವವರಿಗೆ ಇದಕ್ಕಿಂತ ಬೇರೆ ಉತ್ತರವನ್ನು ನಾವು ಕೊಡಬೇಕಾಗಿಲ್ಲ. ಆ ಹುಡುಗನು ಅಜ್ಜನಿಗೆ ಕನ್ನಡದಲ್ಲಿ ಅರ್ಥವನ್ನು ಹೇಳಿದನು, ಕಚೇರಿಗೆ ತೆಲುಗಿನಲ್ಲಿ ಬರೆದನು. ಗಡಿಯಲ್ಲಿ ಬಾಳುವವರಿಗೆ ಎರಡೂ ಬೇಕು.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ನಾಡಹಬ್ಬವನ್ನೂ ರಾಜ್ಯೋತ್ಸವವನ್ನೂ ನಡೆಸುವ ಉತ್ಸಾಹದಲ್ಲಿ ಒಂದಂಶವನ್ನು ತಿಂಗಳಿಗೊಂದು ದಿನ ಸಂಘದ ಕೊಠಡಿಯಲ್ಲಿ ರೈತರ ಕಾಗದಗಳನ್ನು ಓದಿ ಹೇಳುವುದಕ್ಕೆ ಮೀಸಲಿಡೋಣ. ಅಡಂಗಲನ್ನೂ ಪಾಸ್‌ಪುಸ್ತಕವನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು ಒಂದೇ ಆಗಿದೆಯೇ ಎಂದು ನೋಡುವುದು ಎಂಟನೆಯ ತರಗತಿಯ ಮಕ್ಕಳಿಂದಲೂ ಆಗತಕ್ಕ ಕೆಲಸ. ತಂದೆ ತೀರಿಕೊಂಡ ಮೇಲೆ ಪಟ್ಟಾವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಬಿಟ್ಟ ಅಣ್ಣತಮ್ಮಂದಿರಿಗೂ ವಿಧವೆಯರಾದ ತಾಯಂದಿರಿಗೂ ತಿಳಿಯ ಹೇಳೋಣ.

ಇನ್ನು ನಮ್ಮಲ್ಲಿ ಭೂಮಿಯುಳ್ಳವರಿಗೆ ಒಂದು ಮಾತು. ಸಂಘದ ಸದಸ್ಯರಲ್ಲಿ ಹಲವರ ಹೊಲಗಳನ್ನು ಇಂದು ಕೋರಿನವರೇ ಉಳುತ್ತಿದ್ದಾರೆ. ನಮ್ಮ ಮನೆಯ ನಾಲ್ಕು ಎಕರೆಯೂ ಹಾಗೆಯೇ ಇದೆ. ಹಣವು ನಮ್ಮ ಹೆಸರಿಗೆ ಬಂದು ಬೀಳುತ್ತದೆ, ಬೆವರು ಬೇರೊಬ್ಬರದು. ಈ ಲೇಖನವನ್ನು ಬರೆಯುತ್ತಿರುವಾಗ ನಮಗೆ ಅದರ ಸಂಕೋಚ ತಟ್ಟದೆ ಇರಲಿಲ್ಲ. ಮುಂದಿನ ಮುಂಗಾರಿನಿಂದ ಆ ಹಣವನ್ನು ಬೀಜದ ಖರ್ಚಿಗೆಂದು ಉಳುವವನ ಕೈಗೇ ಕೊಡುವುದೆಂದೂ, ಒಪ್ಪಂದದ ಕಾಗದಕ್ಕೆ ಸಹಿ ಮಾಡುವುದೆಂದೂ ಮನೆಯಲ್ಲಿ ನಿಶ್ಚಯಿಸಿದ್ದೇವೆ. ಮಿಕ್ಕವರೂ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇವೆ. ಅಜ್ಜನವರ ಜೊತೆಯಲ್ಲಿ ಬಂದು ಏನನ್ನೂ ಕೇಳದೆ ಹಿಂದಿರುಗಿದ ಆ ರೈತನ ಹೆಸರು ಇನ್ನೂ ಯಾವ ಪಟ್ಟಿಯಲ್ಲಿಯೂ ಇಲ್ಲ. ಸಂಘದ ಮುಂದಿನ ವಾರ್ಷಿಕೋತ್ಸವದ ವೇಳೆಗಾದರೂ ಅದು ಬರೆಯಲ್ಪಡಲೆಂದು ಹಾರೈಸಿ, ನಮ್ಮ ಸೀಮೆಯ ಹೊಲಗಳಿಗೆ ಸಕಾಲದಲ್ಲಿ ಮಳೆಯಾಗಲೆಂದು ಬೇಡಿ, ಈ ಬರಹವನ್ನು ಮುಗಿಸುತ್ತೇವೆ.